“ಏನೂ ಆಗಿಲ್ಲ ಬಿಡಲೇ” ಅನ್ನೋ ಮುಂಚೆ

ಕಳೆದ ಮಳೆಗಾಲದಾಗ ನಮ್ಮ ಹಾಸ್ಟೆಲ್‌ನ ದೋಸ್ತ ಒಬ್ಬ ಉಣಕಲ್ ಕೆರೆ ಹತ್ತಿರ ಬೈಕ್ ಸ್ಕಿಡ್ ಆಗಿ ಬಿದ್ದ. ಹೆಲ್ಮೆಟ್ ಇತ್ತು, ಆದ್ರೆ ತಲೆ ಮೇಲಲ್ಲ, ಕನ್ನಡಿಗೆ ನೇತಾಡ್ತಿತ್ತು. ಎದ್ದು ನಿಂತು ಪ್ಯಾಂಟ್ ಝಾಡಿಸಿಕೊಂಡು ಅಂದ: “ಏನೂ ಆಗಿಲ್ಲ ಬಿಡಲೇ, ಆರಾಮ ಅದೀನಿ.” ಒತ್ತಾಯ ಮಾಡಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಸಿಟಿ ಸ್ಕ್ಯಾನ್ ನಾರ್ಮಲ್. ಗಿರ್ಮಿಟ್ ತಿಂದು ವಾಪಸ್ ಬಂದ್ವಿ, ಕಥೆ ಮುಗೀತು ಅಂದ್ಕೊಂಡ್ವಿ.

ಮುಗಿದಿರಲಿಲ್ಲ. ಮುಂದಿನ ಎರಡು ವಾರ ಅವನಿಗೆ ತಲೆನೋವು, ಬೆಳಕು ಕಂಡ್ರೆ ಕಿರಿಕಿರಿ. ಕ್ಲಾಸಿನಲ್ಲಿ ಒಂದು ಡೆರಿವೇಶನ್ ಕೊನೆತನಕ ಫಾಲೋ ಮಾಡೋಕೆ ಆಗ್ತಿರಲಿಲ್ಲ. “ಇಂಟರ್ನಲ್ಸ್ ಬಂತಲ್ಲ, ನಾಟಕ ಮಾಡಾಕತ್ತಾನ” ಅಂತ ನಾವು ನಕ್ವಿ. ಆಮೇಲೆ ಓದಿದಾಗ ಗೊತ್ತಾಯ್ತು, ತಪ್ಪು ನಮ್ಮದೇ.

ತಲೆಗೆ ಪೆಟ್ಟು ಬಿದ್ದಾಗ ಹಾನಿ ಎರಡು ಹಂತದಲ್ಲಿ ಆಗುತ್ತದೆ. ಮೊದಲನೆಯದು ನಮಗೆ ಗೊತ್ತಿರೋ ಮೆಕ್ಯಾನಿಕ್ಸ್: ತಲೆ ಥಟ್ಟನೆ ನಿಲ್ಲುತ್ತದೆ, ಒಳಗಿನ ಮೆತ್ತಗಿನ ಮಿದುಳು ಅಲುಗಾಡುತ್ತದೆ, ನರತಂತುಗಳು ಎಳೆದಾಡಿ ಕೆಲವು ಹರಿಯುತ್ತವೆ. ಇದು ಮಿಲಿಸೆಕೆಂಡುಗಳ ಲೆಕ್ಕ. ಎರಡನೆಯದು ಗಂಟೆ, ದಿನ, ಕೆಲವೊಮ್ಮೆ ವರ್ಷಗಳ ಲೆಕ್ಕ. ಅದರಲ್ಲಿ ದೊಡ್ಡ ಪಾತ್ರ ಮಿದುಳಿನ ಸ್ವಂತ ಕಾವಲುಗಾರರದ್ದು.

ಅವುಗಳ ಹೆಸರು ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನಿನ ವಿಜ್ಞಾನಿ ಪಿಯೊ ಡೆಲ್ ರಿಯೊ ಒರ್ಟೇಗಾ ಇಟ್ಟ ಹೆಸರು. ಮಿದುಳಿನ ಈ ರೋಗನಿರೋಧಕ ಕೋಶಗಳು ಸುಮ್ಮನೆ ಕೂರುವುದಿಲ್ಲ. ತಮ್ಮ ಸಣ್ಣ ಕೈಗಳನ್ನು ಚಾಚುತ್ತಾ ಸುತ್ತಮುತ್ತ ತಡಕಾಡುತ್ತಲೇ ಇರುತ್ತವೆ. ಗಾಯವಾದ ಕೋಶದಿಂದ ಎಟಿಪಿ ಸೋರಿದರೆ ಅದೇ ಅಲಾರಂ. ನಿಮಿಷಗಳಲ್ಲಿ ಆ ಕೈಗಳು ಗಾಯದ ಕಡೆ ಚಾಚಿಕೊಳ್ಳುವುದನ್ನು 2005ರಲ್ಲಿ ಜೀವಂತ ಇಲಿಗಳ ಮಿದುಳಿನಲ್ಲೇ ನೋಡಿದ್ದಾರೆ.

ಕಸ ತೆಗೆಯೋದು, ಗಾಯದ ಸುತ್ತ ಬೇಲಿ ಹಾಕೋದು ಒಳ್ಳೆ ಕೆಲಸವೇ. ಆದ್ರೆ ಅಲಾರಂ ಆಫ್ ಆಗದಿದ್ರೆ ಅವೇ ಕೋಶಗಳು ಉರಿಯೂತದ ರಾಸಾಯನಿಕ ಸುರಿಸುತ್ತಾ ಪಕ್ಕದ ಆರೋಗ್ಯವಂತ ನರಕೋಶಗಳಿಗೂ ಪೆಟ್ಟು ಕೊಡುತ್ತವೆ. 2011ರ ಒಂದು ಪೆಟ್ ಸ್ಕ್ಯಾನ್ ಅಧ್ಯಯನದಲ್ಲಿ, ಪೆಟ್ಟು ಬಿದ್ದು 17 ವರ್ಷದವರೆಗೆ ಆದವರಲ್ಲೂ ಈ ಚಟುವಟಿಕೆಯ ಗುರುತು ಸಿಕ್ಕಿತು. ಅವರದು ಜೋರು ಪೆಟ್ಟು ನಿಜ. ನನ್ನ ದೋಸ್ತನದು ಹಗುರದ್ದು, ಕೆಲವು ವಾರದಲ್ಲಿ ಸುಧಾರಿಸಿದ. ಆದ್ರೆ ಸಿಟಿ ಸ್ಕ್ಯಾನ್ ತೋರಿಸೋದು ರಕ್ತಸ್ರಾವ, ಮುರಿದ ಮೂಳೆ, ಬಾವು. ಮೈಕ್ರೋಗ್ಲಿಯಾ ಏನು ಮಾಡ್ತಿವೆ ಅನ್ನೋದು ಅದರಲ್ಲಿ ಕಾಣೋದಿಲ್ಲ.

“ಹಂಗಾದ್ರ ಉರಿಯೂತ ತಗ್ಗಿಸೋ ಔಷಧ ಕೊಡ್ರಿ” ಅಂತೀರಾ? ಕೊಟ್ಟು ನೋಡಿದ್ದಾರೆ. ಕ್ರ್ಯಾಶ್ ಎಂಬ ದೊಡ್ಡ ಪ್ರಯೋಗದಲ್ಲಿ ತಲೆಗೆ ಪೆಟ್ಟಾದ 10,008 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸ್ಟಿರಾಯ್ಡ್ ಕೊಟ್ಟರು. 2004ರಲ್ಲಿ ಫಲಿತಾಂಶ ಬಂತು: ಎರಡು ವಾರದೊಳಗೆ ಸ್ಟಿರಾಯ್ಡ್ ಪಡೆದವರಲ್ಲಿ ಶೇ. 21.1, ಪಡೆಯದವರಲ್ಲಿ ಶೇ. 17.9 ಸಾವು. ಔಷಧ ಕೊಟ್ಟವರೇ ಹೆಚ್ಚು ಸತ್ತಿದ್ದರು. ರಿಪೇರಿ ಮಾಡೋದೂ ಹಾಳು ಮಾಡೋದೂ ಒಂದೇ ಕೋಶ ಆದಾಗ, ಒಂದೇ ಸ್ವಿಚ್ಚಿನ ಪರಿಹಾರ ಸಿಗೋದು ಕಷ್ಟ.

ಅದಕ್ಕೇ ನನ್ನ ವಾದ ಇಷ್ಟು: ಎರಡನೇ ಹಂತವನ್ನು ಖಾತ್ರಿಯಾಗಿ ನಿಲ್ಲಿಸೋ ಔಷಧ ಇನ್ನೂ ಇಲ್ಲ. ಮೊದಲನೇ ಹಂತವನ್ನು ಸಣ್ಣದು ಮಾಡೋದು ಮಾತ್ರ ನಮ್ಮ ಕೈಯಲ್ಲೈತಿ. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲ್ ಪದರ ಕುಗ್ಗಿ, ತಲೆ ನಿಲ್ಲೋ ಸಮಯ ಹೆಚ್ಚಿಸಿ, ಬಲ ಕಡಿಮೆ ಮಾಡುತ್ತದೆ. ಇಂಪಲ್ಸ್ ಸಮೀಕರಣ ಪರೀಕ್ಷೆಯಲ್ಲಿ ಬರೆಯೋ ನಾವೇ ವಿದ್ಯಾನಗರದ ರೋಡಿನಾಗ “ಇಲ್ಲೇ ಹೋಗಿ ಬರೂದೈತಿ, ಹೆಲ್ಮೆಟ್ ಯಾಕ್ಲೇ?” ಅಂತೀವಿ. ಪೊಲೀಸರಿಗೆ ತೋರಿಸೋ ತೆಳು ಟೊಪ್ಪಿಗೆ ಬೇಡ. ಐಎಸ್‌ಐ ಗುರುತಿನ ಹೆಲ್ಮೆಟ್ ಇರಲಿ, ಪಟ್ಟಿ ಹಾಕಿರಲಿ. ಹಿಂದೆ ಕೂತವರಿಗೂ ಇರಲಿ. ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೆಂಗಳೂರಲ್ಲಿ ಅಪಘಾತಕ್ಕೀಡಾದಾಗ ಕೂತಿದ್ದದ್ದು ಬೈಕಿನ ಹಿಂದಿನ ಸೀಟಿನಲ್ಲೇ. ತಲೆಗೆ ಬಿದ್ದ ಪೆಟ್ಟಿನಿಂದ ಅವರು ಉಳಿಯಲಿಲ್ಲ.

ಇಷ್ಟಾಗಿಯೂ ಯಾರಾದ್ರೂ ಬಿದ್ರೆ? ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ. ವಾಪಸ್ ಬಂದ ಮೇಲೂ ಮೊದಲ ದಿನ ಒಬ್ಬನ್ನೇ ಬಿಡಬ್ಯಾಡ್ರಿ. ಪದೇ ಪದೇ ವಾಂತಿ, ಏರೋ ತಲೆನೋವು, ತೊದಲು ಮಾತು, ಎಬ್ಬಿಸಿದ್ರೂ ಏಳದ ಮಂಪರು ಕಂಡ್ರೆ ಕಾಯಬ್ಯಾಡ್ರಿ, 108ಕ್ಕೆ ಫೋನ್ ಮಾಡ್ರಿ. ಡಾಕ್ಟರ್ ಹೂಂ ಅನ್ನೋತನಕ ಫುಟ್‌ಬಾಲ್, ಬೈಕ್ ಎರಡೂ ಬಂದ್. ಗಾಯ ಮಾಯುವ ಮೊದಲೇ ಬೀಳೋ ಎರಡನೇ ಪೆಟ್ಟು ಮೊದಲಿನದಕ್ಕಿಂತ ಅಪಾಯ.

ಮತ್ತೆ, ಅವನು “ತೆಲಿ ಜಡ ಅನಸ್ತೈತಿ” ಅಂದ್ರೆ ನಗಬ್ಯಾಡ್ರಿ. ನೋಟ್ಸ್ ಬರೆದು ಕೊಡ್ರಿ. ನಾವು ಆ ಎರಡು ವಾರ ಕೊಡಲಿಲ್ಲ.