ಮೀನು ಸಾಹೇಬರದು, ಮುಳ್ಳು ಗೈಡಿನದು

ಹಳೆಯ ಬೇಟೆಗಾರರ ಆಲ್ಬಮ್ಮುಗಳನ್ನು ತಿರುವಿಹಾಕಿದ ವಾಚಕರಿಗೆ ಒಂದು ಚಿತ್ರ ಪರಿಚಿತವಾಗಿರಬೇಕು. ನದಿಯ ದಡ, ಅಗಲವಾದ ಟೋಪಿ ಧರಿಸಿದ ಮಹನೀಯರೊಬ್ಬರು, ಅವರ ತೋಳುಗಳಲ್ಲಿ ಎಳೆಗರುವಿನಷ್ಟು ದಪ್ಪನಾದ ಒಂದು ಮೀನು. ಮುಖದಲ್ಲಿ ಕುರುಕ್ಷೇತ್ರವನ್ನೇ ಗೆದ್ದು ಬಂದ ಕಳೆ. ಸ್ವಲ್ಪ ಸೂಕ್ಷ್ಮವಾಗಿ ನೋಡಿದರೆ ಚಿತ್ರದ ಅಂಚಿನಲ್ಲಿ, ಮೀನಿನ ಬಾಲವನ್ನು ಆನಿಸಿ ಹಿಡಿದಿರುವ ಎರಡು ಕೈಗಳು ಕಾಣುತ್ತವೆ. ಆ ಕೈಗಳಿಗೆ ಸೇರಿದ ಮುಖವನ್ನು ಮಾತ್ರ ಛಾಯಾಗ್ರಾಹಕನು ಚೌಕಟ್ಟಿನ ಹೊರಗೆ ಬಿಟ್ಟಿರುತ್ತಾನೆ. ಈ ವಾರ ನಾನು ಬರೆಯಹೊರಟಿರುವುದು ಹಾಗೆ ಹೊರಗುಳಿದವನನ್ನು ಕುರಿತು. ಎಂದರೆ ಮೀನು ಹಿಡಿಸುವ ಗೈಡನ್ನು ಕುರಿತು.

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯು ಮೇಕೆದಾಟುವಿನ ಬಂಡೆಗಳ ಇಕ್ಕಟ್ಟಿಗೆ ಸಿಲುಕುವ ಮೊದಲು ಒಂದಷ್ಟು ದೂರ ಕಾಡಿನ ನಡುವೆ ಸ್ವೇಚ್ಛೆಯಾಗಿ ಹರಿಯುತ್ತಾಳೆ. ದೊಡ್ಡಮಾಕಳಿ, ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆ, ಅರ್ಕಾವತಿ ಬಂದು ಕೂಡುವ ಸಂಗಮ, ಇವೆಲ್ಲ ಆ ದಾರಿಯಲ್ಲಿ ಸಿಕ್ಕುವ ಸ್ಥಳಗಳು. ಮುತ್ತತ್ತಿಯ ಹನುಮಂತರಾಯನ ದರ್ಶನಕ್ಕೆ ಸಂಸಾರಸಮೇತರಾಗಿ ಹೋಗಿ, ಹೊಳೆಯಲ್ಲಿ ಕಾಲು ತೊಳೆದು, ಚಿತ್ರಾನ್ನ ತಿಂದು ಮರಳಿದವರು ನಮ್ಮ ವಾಚಕರಲ್ಲಿ ಬಹು ಮಂದಿ ಇದ್ದಾರು. ನೀವು ಕಾಲು ತೊಳೆದ ಆ ನೀರಿನ ಆಳದ ಮಡುಗಳಲ್ಲಿಯೇ ಹಿಂದೆ ಜಗತ್ತಿನ ಗಾಳಗಾರರ ನಿದ್ದೆಗೆಡಿಸಿದ ಮಹಶೀರ್ ವಾಸವಾಗಿದ್ದಿತು. ನಮ್ಮ ಕಡೆಯ ಬೆಸ್ತರು ಅದನ್ನು ಬಿಳಿ ಮೀನು ಎಂದು ಕರೆಯುತ್ತಾರೆ. ಬೆನ್ನಿನ ಮೇಲೆ ಗೂನು, ಹೊನ್ನಿನ ಬಣ್ಣದ ಹುರುಪೆ, ಕೆಂಪಿಗೆ ತಿರುಗಿದ ರೆಕ್ಕೆ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲೆಲ್ಲ ಗಂಟಲಿನಲ್ಲಿ. ಏಡಿಯನ್ನೂ ಶಂಖದ ಹುಳುವನ್ನೂ ಅಲ್ಲಿಯೇ ಅರೆದು ಹಾಕುತ್ತದೆ.

ಈ ಮೀನಿನ ಹುಚ್ಚು ಹೊಸದೇನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಎಂಬಾತ 1873ರಷ್ಟು ಹಿಂದೆಯೇ ಭಾರತದ ಗಾಳಗಾರಿಕೆಯ ಮೇಲೆ ಒಂದು ಗ್ರಂಥ ಬರೆದು, ಮಹಶೀರಿನ ಕೀರ್ತಿಯನ್ನು ಇಂಗ್ಲೆಂಡಿನವರೆಗೆ ಮುಟ್ಟಿಸಿದ. 1946ರಲ್ಲಿ, ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬುತ್ತಿದ್ದ ಮೈಸೂರಿನ ಸುಪ್ರಸಿದ್ಧ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮೀನನ್ನು ಎಳೆದರು. ನಮ್ಮ ಲೆಕ್ಕದಲ್ಲಿ ಸುಮಾರು 54 ಕಿಲೋ. ಒಬ್ಬ ಸಾಧಾರಣ ಗುಮಾಸ್ತನ ತೂಕ. ಆ ಬಳಿಕ ದೊರೆಗಳು ಹಡಗು ಹತ್ತಿದರು; ಮೀನನ್ನು ಜಗತ್ತು ಮರೆಯಿತು. 1977-78ರಲ್ಲಿ ಇಂಗ್ಲೆಂಡಿನಿಂದ ಮೂವರು ತರುಣರು ಮಹಶೀರನ್ನು ಅರಸುತ್ತ ಭಾರತಕ್ಕೆ ಬಂದು, ಕೊನೆಗೆ ಈ ಕಾವೇರಿಯ ಮಡುಗಳನ್ನು ಕಂಡುಕೊಂಡ ಮೇಲೆ ಪುನಃ ಸಾಹೇಬರ ಸಾಲು ಹತ್ತಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಹೊಳೆಯ ದಂಡೆಯಲ್ಲಿ ಬಿಡಾರಗಳನ್ನು ತೆರೆಯಿತು. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಕಾವಲಿಗೂ ಗೈಡುಗಾರಿಕೆಗೂ ಆರಿಸಿಕೊಂಡವರಲ್ಲಿ ಕೆಲವರು ಯಾರೆಂದುಕೊಂಡಿರಿ? ಹಿಂದೆ ಇದೇ ಹೊಳೆಯಲ್ಲಿ ಕದ್ದು ಮೀನು ಹಿಡಿಯುತ್ತಿದ್ದವರೇ! ಬೆಣ್ಣೆಯ ಕಾವಲಿಗೆ ಬೆಕ್ಕನ್ನಿಟ್ಟಂತಾಯಿತೆಂದು ನೀವು ನಗಬಹುದು. ಆದರೆ ಯಾವ ಬಂಡೆಯ ಕೆಳಗೆ ಯಾವ ಮೀನು ಮಲಗುವುದೆಂಬುದು ಅವರಿಗಲ್ಲದೆ ಮತ್ತಾರಿಗೆ ಗೊತ್ತು?

ಗೈಡಿನ ದಿನ ಒಲೆಯ ಮುಂದೆ ಆರಂಭವಾಗುತ್ತದೆ. ಮಹಶೀರ್ ಮೈಸೂರು ಸೀಮೆಯ ಅಪ್ಪಟ ಪ್ರಜೆ. ಅದಕ್ಕೆ ರಾಗಿಯ ಮುದ್ದೆ ಬೇಕು. ಹಿಟ್ಟನ್ನು ಕಲಸಿ, ಬೇಯಿಸಿ, ನಿಂಬೆಯ ಹಣ್ಣಿನ ಗಾತ್ರಕ್ಕೋ ಕಿತ್ತಳೆಯ ಗಾತ್ರಕ್ಕೋ ಉಂಡೆ ಕಟ್ಟಿ ಗಾಳಕ್ಕೆ ಮೆತ್ತಬೇಕು. ಮೆತ್ತಗಾದರೆ ಚಿಲ್ಲರೆ ಮೀನುಗಳು ಕುಕ್ಕಿ ತಿಂದು ಮುಗಿಸುತ್ತವೆ. ಗಟ್ಟಿಯಾದರೆ ದೊಡ್ಡದು ಮೂಸಿ ನೋಡುವುದಿಲ್ಲ. ಹಿಟ್ಟಿನೊಡನೆ ಏನೇನು ಬೆರೆಸುತ್ತಾನೆಂಬುದನ್ನು ಗೈಡು ತನ್ನ ಹೆಂಡತಿಗೂ ಹೇಳುವುದಿಲ್ಲ.

ಮೂವತ್ತು ವರ್ಷಗಳ ಹತ್ತಿರ ಈ ಕೆಲಸ ಮಾಡಿದ ಹಿರಿಯರೊಬ್ಬರ ಪರಿಚಯ ನನಗುಂಟು. ಅವರಿಗೆ ಓದುಬರಹ ಬಾರದು. ನೀರನ್ನು ಮಾತ್ರ ಅಕ್ಷರದಂತೆ ಓದುತ್ತಾರೆ. ಅವರ ಉಂಡೆಗಳ ಪಾತ್ರೆಯನ್ನು ಬುತ್ತಿಯೆಂದು ತಿಳಿದು, ಹಸಿದ ಅತಿಥಿಯೊಬ್ಬ ಮೂರು ಉಂಡೆಗಳನ್ನು ಸಕ್ಕರೆ ಹಚ್ಚಿಕೊಂಡು ಮುಗಿಸಿದನಂತೆ. ಬಹಳ ರುಚಿಯಾಗಿದೆ, ಮೀನಿಗೂ ಇದನ್ನೇ ಹಾಕಿ ನೋಡಬಾರದೇಕೆ ಎಂದು ಆಮೇಲೆ ಸಲಹೆಯನ್ನೂ ಕೊಟ್ಟನಂತೆ. ಇದು ಅವರು ಹೇಳುವ ಕಥೆಗಳಲ್ಲಿ ಸೌಮ್ಯವಾದದ್ದು.

ಗಾಳವನ್ನು ಬೀಸಿ ಎಸೆಯುವಾಗ ಹಿಂದೆ ನಿಂತವನೇ ಗೈಡು. ಆದುದರಿಂದ ಮೊದಲ ಬೇಟೆಯೂ ಅನೇಕ ವೇಳೆ ಅವನೇ. ಮೂರು ಕೊಕ್ಕೆಗಳ ಗಾಳವೊಂದು ಒಮ್ಮೆ ಈ ಹಿರಿಯರ ಹೆಗಲಿಗೆ ನಾಟಿತು. ಕೋಲು ಹಿಡಿದಿದ್ದ ಸಾಹೇಬ ದಾರ ಬಿಗಿಯಾದುದನ್ನು ಕಂಡು, ಗಾಳ ಮರಕ್ಕೆ ಸಿಕ್ಕಿತೆಂದು ಭಾವಿಸಿ, ಎರಡು ಕೈಗಳಿಂದಲೂ ಬಲವಾಗಿ ಜಗ್ಗಿದ. ಇವರು ಕೂಗಿದರು. ಆತನಿಗೆ ಕನ್ನಡ ಬಾರದು. ಕೂಗಿನಲ್ಲಿ ಯಾವ ಭಾಷೆಯಿದ್ದಿತೆಂದು ನನಗೆ ತಿಳಿಯದು. ಇನ್ನೊಮ್ಮೆ ಜಗ್ಗಿದ ಮೇಲೆ ತಿರುಗಿ ನೋಡಿದ. ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾದ ಮುಳ್ಳಿರುವುದರಿಂದ ಅದು ಬಂದ ದಾರಿಯಲ್ಲಿ ಹೋಗಲಾರದು. ಮುಂದಕ್ಕೆ ತಳ್ಳಿ, ಚರ್ಮವನ್ನು ತೂರಿಸಿ, ಮುಳ್ಳನ್ನು ಕತ್ತರಿಸಿ ತೆಗೆಯಬೇಕು. ಅದನ್ನು ಬಿಡಾರದ ಅಡಿಗೆಯವನೇ ಮಾಡಿದ. ಮಧ್ಯಾಹ್ನದ ಮೇಲೆ ಇಬ್ಬರೂ ಪುನಃ ಹೊಳೆಗೆ ಹೋದರು, ಏಕೆಂದರೆ ಸಾಹೇಬನಿಗೆ ಉಳಿದಿದ್ದುದು ಇನ್ನು ಎರಡೇ ದಿನ ರಜೆ.

ಮಹಶೀರ್ ಗಾಳ ಕಚ್ಚಿದಾಗ ದಡದಲ್ಲಿ ನಿಂತು ಮೀಸೆ ತಿರುವುವಂತಿಲ್ಲ. ಅದು ಪ್ರವಾಹದ ಜೊತೆ ನೂರು ಗಜ, ಇನ್ನೂರು ಗಜ ಓಡುತ್ತದೆ, ರೀಲು ಚೀರಿಡುತ್ತದೆ, ದಾರ ಮುಗಿಯುತ್ತ ಬರುತ್ತದೆ. ಆಗ ಗೈಡು ಸಾಹೇಬನನ್ನು ಕೋಲಿನ ಸಮೇತ ತೆಪ್ಪಕ್ಕೆ ನೂಕಿಕೊಂಡು ಮೀನಿನ ಬೆನ್ನು ಹತ್ತಬೇಕು. ತೆಪ್ಪವೆಂದರೆ ಗ್ರಂಥಗಳಲ್ಲಿ ಬರುವ ಹರಿಗೋಲು: ಬಿದಿರಿನ ದುಂಡನೆಯ ಬುಟ್ಟಿ, ಒಂದೇ ಹುಟ್ಟು, ಹಿಂದು ಮುಂದು ಎಂಬ ಭೇದವಿಲ್ಲ. ಒಂದು ಫೆಬ್ರವರಿಯಲ್ಲಿ ಇಂಥದೇ ಓಟದ ನಡುವೆ, ಬಂಡೆಗಳ ಸಂದಿನ ಬಿಳಿನೊರೆಯಲ್ಲಿ ತೆಪ್ಪ ಬುಗುರಿಯಂತೆ ಸುತ್ತತೊಡಗಿತು. ಮೀನು ಎತ್ತ ಹೋಯಿತೆಂದು ನೋಡಲು ಅತಿಥಿ ಎದ್ದು ನಿಂತ.

"ಕೂತ್ಕಳಿ ಸ್ವಾಮಿ, ನಿಂತ್ರೆ ಇಬ್ರೂ ಹೋಯ್ತೀವಿ!"

ಸ್ವಾಮಿ ಕೂರಲಿಲ್ಲ. ಇಬ್ಬರೂ ಹೋದರು. ಹಿರಿಯರು ಒಂದು ಕೈಯಲ್ಲಿ ಬಂಡೆಯ ಏಣನ್ನೂ ಇನ್ನೊಂದು ಕೈಯಲ್ಲಿ ಅತಿಥಿಯ ಸೊಂಟದ ಪಟ್ಟಿಯನ್ನೂ ಹಿಡಿದು ನೀರಿನಲ್ಲಿ ನೇತಾಡಿದರು. ಅತಿಥಿಗೆ ಈಜು ಬರುತ್ತಿತ್ತು. ಕೋಲನ್ನು ಬಿಟ್ಟಿದ್ದರೆ ತಾನೇ ದಡ ಸೇರಬಹುದಾಗಿತ್ತು. ಆದರೆ ಕೋಲಿನ ತುದಿಯಲ್ಲಿ ಮೀನು ಇನ್ನೂ ಇದ್ದಿತು! ಬಂಡೆಗೆ ಉಜ್ಜಿ ಅಂಗೈಯ ಚರ್ಮ ಸುಲಿಯುತ್ತಿದ್ದರೂ ಇವರು ಪಟ್ಟಿಯನ್ನು ಬಿಡಲಿಲ್ಲ. ಆತನೂ ಕೋಲನ್ನು ಬಿಡಲಿಲ್ಲ. ಇನ್ನೊಬ್ಬ ಗೈಡು ತನ್ನ ತೆಪ್ಪವನ್ನು ತಂದು ಇಬ್ಬರನ್ನೂ ಎತ್ತಿಹಾಕಿಕೊಂಡ ಮೇಲೆ ಮೀನನ್ನು ದಡಕ್ಕೆ ತಂದು ತೂಗಿದರು. 52 ಪೌಂಡು. ಚಿತ್ರ ತೆಗೆದುಕೊಂಡು, ನಿಯಮದಂತೆ ಮೀನನ್ನು ಹೊಳೆಗೆ ಮರಳಿಸಬೇಕಾಯಿತು. ಇದೂ ಗೈಡಿನ ಕೆಲಸವೇ. ದಣಿದ ಮೀನನ್ನು ಹಾಗೆಯೇ ನೀರಿಗೆ ಬಿಟ್ಟರೆ ಮಗುಚಿಕೊಂಡು ಸಾಯುತ್ತದೆ. ಅದರ ತಲೆಯನ್ನು ಪ್ರವಾಹದ ಎದುರಿಗೆ ಹಿಡಿದು, ಕಿವಿರಿನಲ್ಲಿ ನೀರಾಡಿ ಬಾಲಕ್ಕೆ ಕಸುವು ಬರುವವರೆಗೆ ಸೊಂಟದುದ್ದ ನೀರಿನಲ್ಲಿ ನಿಂತಿರಬೇಕು. ಸುಲಿದ ಅಂಗೈಯಿಂದ ಹಾಗೆ ಹಿಡಿದುಕೊಂಡು ಇವರು ಮುಕ್ಕಾಲು ಗಂಟೆ ನಿಂತರು. ಸಂತುಷ್ಟನಾದ ಅತಿಥಿ ಹೊರಡುವಾಗ ತನ್ನ ಬೂಟುಗಳನ್ನು ಬಹುಮಾನವಾಗಿ ಕೊಟ್ಟ. ಅವು ಇವರ ಕಾಲಿಗೆ ನಾಲ್ಕು ಬೆರಳು ದೊಡ್ಡವು.

ಹೆಜ್ಜೇನಿನ ಪ್ರಸಂಗ ಇದಕ್ಕಿಂತ ಗಂಭೀರವಾದುದು. ಹೊಳೆಯ ಅಂಚಿನ ಮತ್ತಿಮರಗಳಲ್ಲಿ ಬೇಸಿಗೆಯಲ್ಲಿ ತೊಟ್ಟಿಲಿನಷ್ಟು ದೊಡ್ಡ ಹುಟ್ಟಿಗಳು ಜೋತಾಡುತ್ತವೆ. ಅಂಥ ಮರದ ನೆರಳಿನಲ್ಲಿಯೇ ಬೆಂಕಿ ಹಾಕಿ ಚಹಾ ಕಾಯಿಸಬೇಕೆಂದು ಅತಿಥಿಯೊಬ್ಬ ಹಟ ಹಿಡಿದ. ಬೇಡವೆಂದು ಎರಡು ಬಾರಿ ಹೇಳಿದರು. ಮೂರನೆಯ ಬಾರಿ ಹೇಳುವ ಅಧಿಕಾರ ಗೈಡಿಗೆ ಇರುವುದಿಲ್ಲ. ಹೊಗೆ ಮೇಲೇರಿತು, ಹುಟ್ಟಿ ಕೆಳಗಿಳಿಯಿತು. ಇವರು ಅತಿಥಿಯನ್ನು ತೋಳು ಹಿಡಿದು ಎದೆಮಟ್ಟದ ನೀರಿಗೆ ಎಳೆದೊಯ್ದು, ತೆಪ್ಪವನ್ನು ಮಗುಚಿ ಇಬ್ಬರ ತಲೆಯ ಮೇಲೂ ಕವುಚಿಕೊಂಡರು. ಆಮೆಯ ಚಿಪ್ಪಿನೊಳಗೆ ಎರಡು ತಲೆಗಳಿದ್ದಂತಾಯಿತು. ಪ್ರವಾಹ ತೆಪ್ಪವನ್ನು ಒಯ್ಯದಂತೆ ಅಂಚನ್ನು ಹಿಡಿದಿರಬೇಕಲ್ಲ? ಹೊರಗುಳಿದ ಇವರ ಎಂಟು ಬೆರಳುಗಳನ್ನು ಹುಳುಗಳು ಒಂದೊಂದಾಗಿ ವಿಚಾರಿಸಿಕೊಂಡವು. ಎರಡು ಗಂಟೆಗಳ ನಂತರ ಹೊರಬಂದಾಗ ಕೈಗಳು ಹಲಸಿನ ಕಾಯಿಯಂತಾಗಿದ್ದವು. ಒಂದು ವಾರ ಅವರ ಹೆಂಡತಿಯೇ ಅನ್ನ ಕಲಸಿ ಉಣ್ಣಿಸಿದರು. ಅತಿಥಿಗೆ ಒಂದು ಹುಳುವೂ ಕಚ್ಚಿರಲಿಲ್ಲ.

ಆನೆಗಳ ವಿಷಯ ಹೇಳಹೊರಟರೆ ಈ ಪುಟ ಸಾಲದು. ಸಂಜೆ ನೀರಿಗಿಳಿಯುವ ಹಿಂಡು ಬಿಡಾರದ ದಾರಿಯನ್ನು ಕಟ್ಟಿದರೆ, ಅದು ಎದ್ದು ಹೋಗುವವರೆಗೆ ಹೊಳೆಯ ನಡುವಿನ ಬಂಡೆಯೇ ಗತಿ. ಅದೇ ಬಂಡೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುವ ಅಭ್ಯಾಸ ಮೊಸಳೆಗೂ ಉಂಟು. ಮೇಲಿನಿಂದ ನೀರು ಬಿಟ್ಟರೆ ಆ ಬಂಡೆಯೂ ಮೆಲ್ಲಮೆಲ್ಲನೆ ಮುಳುಗುತ್ತದೆ. ನೀರಿನಂಚಿಗೆ ಕಸಕಡ್ಡಿ ತೇಲಿಬಂದುದನ್ನು ಕಂಡೊಡನೆ ಗೈಡು ಸಾಮಾನು ಕಟ್ಟುವುದು ಅದಕ್ಕಾಗಿಯೇ.

ಈ ಸಾಹಸಗಳೆಲ್ಲ ಈಗ ಹಳೆಯ ಕಥೆ. 1987ರಲ್ಲಿ ಈ ಕಾಡು ಕಾವೇರಿ ವನ್ಯಜೀವಿಧಾಮವೆಂದು ಘೋಷಿತವಾಗಿದ್ದಿತು. ಅಭಯಾರಣ್ಯದೊಳಗೆ ಗಾಳ ಹಾಕುವುದೂ 1972ರ ಕಾಯಿದೆಯ ಪ್ರಕಾರ ಬೇಟೆಯೇ ಎಂಬ ವ್ಯಾಖ್ಯೆ ಬಲವಾಗಿ, 2012ರ ಹೊತ್ತಿಗೆ ಗಾಳದ ಬಿಡಾರಗಳ ಕಾಲ ಮುಗಿಯಿತು. ಬಾಯಿಗೆ ಕೊಕ್ಕೆ ಸಿಕ್ಕಿಸಿಕೊಳ್ಳುವುದು ಮೀನಿಗೆ ಸುಖವೆಂದು ನಾನು ವಾದಿಸುವುದಿಲ್ಲ. ಹೆಗಲಿಗೆ ಸಿಕ್ಕಿಸಿಕೊಂಡವರ ಅನುಭವವನ್ನು ಈಗತಾನೇ ಹೇಳಿದ್ದೇನೆ. ಆದರೂ ನನ್ನ ಮನಸ್ಸು ಪೂರ್ತಿಯಾಗಿ ಕಾಯಿದೆಯ ಕಡೆಗೆ ವಾಲುವುದಿಲ್ಲ. ಹಗಲೂ ಇರುಳೂ ಹೊಳೆಯ ಮೇಲೆ ಕಣ್ಣಿಟ್ಟಿದ್ದವರು ಮನೆಗೆ ಹೋದ ಮೇಲೆ, ಮಡುವಿನಲ್ಲಿ ಸಿಡಿಮದ್ದು ಸಿಡಿಸಿ ಮರಿ-ಮೊಟ್ಟೆಗಳ ಸಮೇತ ಬಾಚಿಕೊಳ್ಳುವವರಿಗೆ ದಾರಿ ಸುಗಮವಾಯಿತೆಂದು ಈ ಹಿರಿಯರು ಹೇಳುತ್ತಾರೆ. ಸಿಡಿಮದ್ದಿನ ಸದ್ದು ಅವರಿಗೆ ಹೊಸದಲ್ಲ. ಪ್ರಾಯದಲ್ಲಿ ತಾವೂ ಅದೇ ಕಸುಬಿನಲ್ಲಿದ್ದುದಾಗಿ ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ.

ಇನ್ನೊಂದು ವಿಚಿತ್ರವಿದೆ. ಗಾಳಿಬೋರೆಯ ಬಿಡಾರದಲ್ಲಿ ಹಿಡಿದು ಬಿಟ್ಟ ಪ್ರತಿಯೊಂದು ಮೀನಿನ ತೂಕವನ್ನೂ ಪುಸ್ತಕದಲ್ಲಿ ಬರೆದಿಡುವ ರೂಢಿಯಿದ್ದಿತು. 1998ರಿಂದ 2012ರವರೆಗಿನ ಆ ಲೆಕ್ಕದಲ್ಲಿ 6,000ಕ್ಕೂ ಮಿಕ್ಕಿ ಮಹಶೀರುಗಳಿವೆ. ವಿಜ್ಞಾನಿಗಳು ಅದನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ ಗೊತ್ತಾದ ಸಂಗತಿ ಇದು: ಒಟ್ಟು ಮೀನುಗಳ ಸಂಖ್ಯೆ ಹೆಚ್ಚುತ್ತ ಬಂದಿದ್ದರೂ, ಗೂನುಬೆನ್ನಿನ ಹಳೆಯ ಒಡೆಯ ಅವುಗಳಲ್ಲಿ ಕ್ರಮೇಣ ಇಲ್ಲವಾಗುತ್ತಿದ್ದ. ಹೆಚ್ಚಿದ್ದುದು ನೀಲಿ ರೆಕ್ಕೆಯ ಇನ್ನೊಂದು ಜಾತಿ. ಅದು ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಿಂದ ಬಂದ ವಂಶ. ಮಹಶೀರನ್ನು ಉದ್ಧರಿಸಬೇಕೆಂಬ ಸದುದ್ದೇಶದಿಂದಲೇ ಅದನ್ನು ಕಾವೇರಿಗೆ ತಂದು ಬಿಟ್ಟಿದ್ದರು. ನಮ್ಮ ಹಿರಿಯರು ಬಹಳ ಹಿಂದೆಯೇ ಇದನ್ನು ಗಮನಿಸಿ, ಬರುತ್ತಿರುವ ಮೀನು ನಮ್ಮ ಹೊಳೆಯದಲ್ಲವೆಂದು ಅತಿಥಿಗಳಿಗೆ ಹೇಳುತ್ತಿದ್ದರಂತೆ. ತೂಕ ಎಷ್ಟೆಂಬುದನ್ನು ಬಿಟ್ಟು ಬೇರೇನನ್ನೂ ಯಾರೂ ಕೇಳಲಿಲ್ಲ.

ಶತಮಾನಕ್ಕೂ ಹೆಚ್ಚು ಕಾಲ ಜಗತ್ಪ್ರಸಿದ್ಧವಾಗಿದ್ದ ಈ ಮೀನಿಗೆ ಶಾಸ್ತ್ರೀಯವಾದ ಹೆಸರು ಯಾವುದೆಂಬುದೇ ನಿಶ್ಚಯವಾಗಿರಲಿಲ್ಲವೆಂದರೆ ನಂಬುತ್ತೀರಾ? 2018ರಲ್ಲಿ ಆ ವಿಚಾರ ಇತ್ಯರ್ಥವಾಯಿತು. ಕಾವೇರಿಯ ಬಳಗಕ್ಕೆ ಸೇರಿದ ಕೇರಳದ ಪಾಂಬಾರ್ ನದಿಯಲ್ಲಿ ಮೊದಲೇ ಗುರುತಿಸಿದ್ದ 'ಟಾರ್ ರೆಮಾದೇವಿ' ಎಂಬ ಜಾತಿಯೂ ಇದೂ ಒಂದೇ ಎಂದು ಸಿದ್ಧಪಟ್ಟಿತು. ಅದೇ ವರ್ಷ ಅದರ ಹೆಸರು ಅಳಿವಿನ ತೀವ್ರವಾದ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ನಾಮಕರಣಕ್ಕೂ ಕೊನೆಯ ಗಂಗೋದಕಕ್ಕೂ ಒಂದೇ ಪುರೋಹಿತನನ್ನು ಕರೆಸಿದ ಹಾಗೆ.

ಹಿರಿಯರು ಈಗ ರಜಾದಿನಗಳಲ್ಲಿ ಪ್ರವಾಸಿಗಳನ್ನು ತೆಪ್ಪದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತಾರೆ. ಎರಡು ಬಾರಿ ಗಿರಗಿರನೆ ತಿರುಗಿಸಿದರೆ ಮಕ್ಕಳು ಕೇಕೆ ಹಾಕುತ್ತವೆ, ಅಷ್ಟಕ್ಕೇ ಕಾಸು. ತೆರೆದ ಹೆಗಲಿನ ಮೇಲಿನ ಗಾಯದ ಗುರುತನ್ನು ನೋಡಿ ಅದೇನು ತಾತಾ ಎಂದು ಮಕ್ಕಳು ಕೇಳುವುದುಂಟು. ಮೊದಮೊದಲು ಸಾಹೇಬನ ಗಾಳದ ಕಥೆಯನ್ನು ಇದ್ದದ್ದು ಇದ್ದಂತೆ ಹೇಳುತ್ತಿದ್ದರಂತೆ. ಯಾರೂ ನಂಬದ ಕಾರಣ ಈಚೆಗೆ ಮೊಸಳೆ ಕಚ್ಚಿತೆಂದು ಹೇಳುತ್ತಾರೆ. ಅದಕ್ಕೆ ಹತ್ತು ರೂಪಾಯಿ ಹೆಚ್ಚು ಸಿಕ್ಕುತ್ತದೆ.