ಮಾತಿಲ್ಲದ್ದು ಹಾಡೇ ಅಲ್ಲಂತ!

ಹ್ವಾದ ವಾರ ನಮ್ಮ ಭಾವನವರ ಮನ್ಯಾಗ ಮುಂಜವಿ ಇತ್ತು. ಊಟ ಮುಗದ ಮ್ಯಾಲ ಹುಡುಗೂರೆಲ್ಲಾ ಅಟ್ಟದ ಮ್ಯಾಲ ಹೋಗಿ ಫೋನ್ ಹಿಡಕೊಂಡ ಕೂತಿದ್ರು. ನಾ ಚಹಾ ಒಯ್ದೆ. ನೋಡಿದ್ರ ಅಲ್ಲೆ ದೊಡ್ಡ ವಾದ ನಡದದ. ಹಾಡೋರಿಲ್ಲದ, ಬರೇ ವಾದ್ಯದ ಪ್ರೋಗ್ರೆಸ್ಸಿವ್ ರಾಕ್ ಮತ್ತ ಜ್ಯಾಝ್-ರಾಕ್ ಒಳಗ ಎಲ್ಲಾಕ್ಕಿಂತ ಛಲೋ ಆಲ್ಬಮ್ ಯಾವುದು ಅಂತ. ಒಬ್ಬಾಂವ ಒಂದ ಹೆಸರ ಹೇಳೋದು, ಇನ್ನೊಬ್ಬಾಂವ "ಏ, ಅದಕ್ಕಿಂತ ಇದು ಫಾಸ್ಟ್ ಅದ" ಅನ್ನೋದು. ಮೂರನೇದಾಂವ ಬೆರಳ ಮಡಚಿ ತಾಳದ ಮಾತ್ರಾ ಎಣಿಸಿ ತೋರ್ಸೋದು. ನಾ ಕಪ್ಪು ಕೊಡಕೋತ "ಕ್ಯಾಮೆಲ್‌ನವರ ದಿ ಸ್ನೋ ಗೂಸ್ ಹಾಕ್ಕೊಂಡೀರಿಲ್ಲೋ ಪಟ್ಟಿಯೊಳಗ?" ಅಂದೆ.

ಎಲ್ಲಾರೂ ಒಮ್ಮೆ ಸುಮ್ನಾದ್ರು. ಆಮ್ಯಾಲ ನಮ್ಮ ಭಾವನ ಮಗಾ ನಕ್ಕೋತ, "ಕಾಕು, ಅದು ಅಡಗಿ ಮಾಡೂ ಮುಂದ ಹಚ್ಚೋ ಮ್ಯೂಸಿಕ್ಕು" ಅಂದಾ.

ಕೆಳಗ ಬಂದು ಇದನ್ನ ಹೇಳಿದ್ರ, ಅಲ್ಲೆ ಎಲಿ ಅಡಕಿ ಹಾಕ್ಕೋತ ಕೂತಿದ್ದ ಬಾಜೂ ಮನಿ ವೈನಿ, "ಅಲ್ಲವಾ, ಶಬ್ದನ ಇಲ್ಲ ಅಂದ್ರ ಅದೇನ ಹಾಡ? ಅರ್ಥ ಬ್ಯಾಡೇನು?" ಅಂದ್ರು.

ಮ್ಯಾಲಿನವರಿಗೆ ನಂದು ಭಾಳ ಹಗರ ಆತು, ಕೆಳಗಿನವರಿಗೆ ಭಾಳ ಪರದೇಶಿ ಆತು. ಇಬ್ಬರಿಗೂ ಇಲ್ಲೇ ಕೂಡಿ ಜವಾಬ ಕೊಡತೀನಿ. ಆವತ್ತ ಭಾಂಡೆ ರಾಶಿ ಬಿದ್ದಿತ್ತು, ಕೊಡಾಕ ಆಗಲಿಲ್ಲ.

ನನಗ ಇದರ ಹುಚ್ಚ ಹಚ್ಚಿದಾಂವ ನಮ್ಮಣ್ಣ. ಎಂಬತ್ತರ ದಶಕದಾಗ ಮುಂಬಯಿಯೊಳಗ ನೌಕರಿಗಿದ್ದ. ದೀಪಾವಳಿಗೆ ಬರೂ ಮುಂದ ಗೆಳ್ಯಾರ ಕಡೆ ತುಂಬಿಸಿಕೊಂಡ ಕ್ಯಾಸೆಟ್ ತರ್ತಿದ್ದ. ನನಗ ಇಂಗ್ಲಿಷ್ ಆಗ ಅಷ್ಟಕ್ಕಷ್ಟ ಅಂತ ಅವುಗಳ ಮ್ಯಾಲ ಕನ್ನಡದಾಗ ಹೆಸರ ಬರೀತಿದ್ದ. 'ಬೆಂಕಿ ಹಕ್ಕಿ', 'ಬಿಳೀ ಬಾತು', 'ಗಂಟಿ'. ನಾ ಪಿಯುಸಿ ಮುಗಿಸಿ ಲಗ್ನಾಗಿ ಬರೂ ಮುಂದ ಆ ಕ್ಯಾಸೆಟ್ಟೂ ಸೀರಿ ಪೆಟಗಿಯೊಳಗ ಬಂದ್ವು. ಅಣ್ಣ ಈಗಿಲ್ಲ. ಕ್ಯಾಸೆಟ್ಟಿನ ಟೇಪೂ ಎಲ್ಲಾ ಗಂಟಾಗಿ ಹೋಗ್ಯಾವ. ಈಗ ಮಗಾ ಫೋನಿನ್ಯಾಗ ಹುಡುಕಿ ಕೊಟ್ಟಾನ, ಅದರಾಗ ಕೇಳತೀನಿ.

ಮೊದಲ ವೈನಿಗೆ. ವೈನಿ, ನೀವು ಧಾರವಾಡದಾಗ ಹುಟ್ಟಿ ಬೆಳದವರು. ಬಾಲೇಖಾನರ ಸಿತಾರ ಕಛೇರಿಗೆ ನನ್ನ ಕರಕೊಂಡ ಹೋದವರೂ ನೀವ. ಆವತ್ತ ಒಂದ ತಾಸ ಆಲಾಪ, ಜೋಡ, ಝಾಲಾ ಅಂತ ಕಣ್ಣ ಮುಚ್ಚಿ ಕೂತ ಕೇಳಿದ್ರೆಲ್ಲಾ, ಅದರಾಗ ಯಾವ ಶಬ್ದ ಇತ್ತು? ಸಿತಾರಕ್ಕ ಅರ್ಥ ಬ್ಯಾಡ, ಗಿಟಾರಕ್ಕ ಬೇಕು ಅಂದ್ರ ಅದೆಂಥಾ ನ್ಯಾಯ?

ಈಗ ಒಂದ ಕೆಲಸ ಮಾಡ್ರಿ. ಸ್ಟೀವಿ ವಂಡರ್ ಬರದ ಒಂದ ಹಾಡ ಅದ, 'ಕಾಸ್ ವಿ ಹ್ಯಾವ್ ಎಂಡೆಡ್ ಆ್ಯಸ್ ಲವರ್ಸ್' ಅಂತ. ಕೂಡಿ ಬಾಳಿದವರು ಬ್ಯಾರೆ ಆಗೂ ಹಾಡು. 1974ರಾಗ ಸಿರೀಟಾ ಅನ್ನಾಕಿ ಹಾಡಿದ್ಲು, ಛಲೋನ ಹಾಡ್ಯಾಳ. ಮರುವರ್ಷ ಜೆಫ್ ಬೆಕ್ ಅನ್ನೋ ಗಿಟಾರದಾಂವ ತನ್ನ ಬ್ಲೋ ಬೈ ಬ್ಲೋ ಆಲ್ಬಮ್‌ನಾಗ ಅದರ ಮಾತೆಲ್ಲಾ ತಗದ ಹಾಕಿ ಬರೇ ಗಿಟಾರದ ಮ್ಯಾಲ ಬಾರಿಸಿದಾ. ಎರಡೂ ಒಂದರ ಹಿಂದ ಒಂದ ಕೇಳ್ರಿ. ಸಿರೀಟಾನ ಹಾಡ ಕೇಳಿದ್ರ ಅಕೀ ದುಃಖ ತಿಳೀತದ. ಜೆಫ್ ಬೆಕ್‌ನ ಗಿಟಾರ ಕೇಳಿದ್ರ ನಿಮಗ ನಿಮ್ಮ ದುಃಖ ನೆನಪಾಗತದ. ಸ್ವರ ದೂರಿಂದ ಸಣ್ಣಗ ಬಂದ, ದೊಡ್ಡದಾಗಿ, ತಿರಗಿ ಸಣ್ಣಗಾಗತದ. ಅತ್ತ ಅತ್ತ ಸಾಕಾಗಿ ಬಿಕ್ಕೂವಾಗ ಉಸರ ಹೆಂಗ ಆಗತದ ಹಂಗ. ಆ ಆಲ್ಬಮ್ ಮಾಡಿಸಿದಾಂವ ಜಾರ್ಜ್ ಮಾರ್ಟಿನ್, ಬೀಟಲ್ಸ್‌ನವರ ರೆಕಾರ್ಡ್ ಮಾಡಿಸಿದ ಅದ ಮನಶಾ. ಹಿಂಗಾಗಿ ಎಲ್ಲೂ ಗದ್ಲ ಇಲ್ಲ, ಎಲ್ಲಾ ಸ್ವಚ್ಛ. ಹೊಸಬರು ಇದರಿಂದನ ಸುರು ಮಾಡಬೇಕು ಅಂತ ನಾ ಹೇಳತೀನಿ.

ಇನ್ನ ಆ 'ಬಿಳೀ ಬಾತು'. ಪಾಲ್ ಗ್ಯಾಲಿಕೋ ಅನ್ನಾಂವ 1941ರಾಗ ಬರದ ಸಣ್ಣ ಕಾದಂಬರಿ, ದಿ ಸ್ನೋ ಗೂಸ್. ಇಂಗ್ಲಂಡಿನ ಸಮುದ್ರದಂಡಿ ಜವಳು ಭೂಮಿಯೊಳಗ, ಹಳೇ ದೀಪಸ್ತಂಭದಾಗ ರಾಯಡರ್ ಅನ್ನೋ ಒಬ್ಬ ಗೂನ ಬೆನ್ನಿನ ಚಿತ್ರಗಾರ ಒಬ್ಬಾಂವನ ಇರತಾನ. ಫ್ರಿತಾ ಅನ್ನೋ ಸಣ್ಣ ಹುಡುಗಿ ಗಾಯಾದ ಬಿಳೀ ಬಾತು ಹೊತಗೊಂಡ ಅವನ ಕಡೆ ಬರತಾಳ. ಅದನ್ನ ಇಬ್ಬರೂ ಕೂಡಿ ಆರೈಕಿ ಮಾಡತಾರ. ಆಮ್ಯಾಲ ಯುದ್ಧ ಬರತದ. ಡಂಕರ್ಕ್‌ನಾಗ ಸಿಕ್ಕೊಂಡ ಸಿಪಾಯಿಗಳನ್ನ ತನ್ನ ಸಣ್ಣ ನಾವಿಯೊಳಗ ತರಾಕ ಹೋದ ರಾಯಡರ್ ತಿರಗಿ ಬರೂದಿಲ್ಲ.

ಕ್ಯಾಮೆಲ್ ಅನ್ನೋ ಇಂಗ್ಲಂಡಿನ ನಾಕ ಮಂದಿ ಇದನ್ನ 1975ರಾಗ ಆಲ್ಬಮ್ ಮಾಡಿದ್ರು. ಕಾದಂಬರಿ ಬರದಾಂವ ತಕರಾರ ಮಾಡಿದಾ. ಅದಕ್ಕ ಆ ಕತಿಯಿಂದ ಪ್ರೇರಣಾ ಪಡದ ಸಂಗೀತ ಅಂತ ಕವರಿನ ಮ್ಯಾಲ ಹಾಕಬೇಕಾತು. ಒಳಗ ಪುಸ್ತಕದ ಒಂದ ಸಾಲೂ ಇಲ್ಲ. 43 ನಿಮಿಷದಾಗ ಅಲ್ಲೆ ಇಲ್ಲೆ ಬರೇ ದನಿ ಬರತದ, ಮಾತ ಬರೂದಿಲ್ಲ. ಆದ್ರೂ ಇಡೀ ಕತಿ ಕಿವಿಗೆ ಬೀಳತದ ನೋಡ್ರಿ! ರಾಯಡರ್‌ಗ ಒಂದ ಕೊಳಲಿನ ಧಾಟಿ ಅದ. ಫ್ರಿತಾಗ ಒಂದ ಅದ, ಅಂಜಿಕೋತ ಅಂಜಿಕೋತ ಬಾಗಲದಾಗ ನಿಂತ ಹುಡುಗಿ ಗತೆ. ಡಂಕರ್ಕ್ ಬಂದಾಗ ಡ್ರಮ್ಮು, ಹಿಂದಿನ ಆರ್ಕೆಸ್ಟ್ರಾ ಎಲ್ಲಾ ಕೂಡಿ ಏರಕೋತ ಹೋಗತಾವ. ಕಡೀಕ ಮೊದಲ ಕೇಳಿದ ಆ ಜವಳು ಭೂಮಿಯ ಸ್ವರನ ತಿರಗಿ ಬರತದ. ಅದ ಸ್ವರ, ಆದ್ರ ಈಗ ಆ ಮನ್ಯಾಗ ಯಾರೂ ಇಲ್ಲ. ನಮ್ಮಣ್ಣ ಹೋದ ಮ್ಯಾಲ ತವರಮನಿಗೆ ಮೊದಲ ಸಲ ಹೋದಾಗ ಪಡಸಾಲಿ ಅಲ್ಲೇ ಇತ್ತು, ತೂಗಮಂಚನೂ ಅಲ್ಲೇ ಇತ್ತು. ಇದರ ಅರ್ಥ ಏನಂತ ಇನ್ನ ನಾ ವೈನಿಗೆ ಹೇಳೂದಿಲ್ಲ.

ಇದು ಅಡಗಿ ಮಾಡೂ ಮುಂದ ಹಚ್ಚೋ ಮ್ಯೂಸಿಕ್ಕಂತ! ಹೌದಪಾ, ಅಡಗಿ ಮಾಡೂ ಮುಂದ ಹಚ್ಚತೀನಿ. ನಿಮಗ ಅದು ಬೈಗುಳ ಅನಸ್ತದ. ನನ್ನ ಕೈಗೆ ಭಕ್ರಿ ಬಡಿಯೋ ಕೆಲಸ ಇರತದ, ಕಿವಿ ಖಾಲಿ ಇರತಾವ. ನೀವು ಹಾಡ ಹಚ್ಚಿ ಫೋನಿನ್ಯಾಗ ಮತ್ತೊಂದೇನೋ ನೋಡಕೋತ ಕೂಡತೀರಿ. ಇಪ್ಪತ್ತ ನಿಮಿಷದ ತುಕಡಿ ಹನ್ನೆರಡನೇ ನಿಮಿಷಕ್ಕ ಮುಂದ ಓಡಿಸ್ತೀರಿ. ನನಗ ಓಡಸಾಕ ಬರೂದಿಲ್ಲ, ಕೈಯೆಲ್ಲಾ ಹಿಟ್ಟ ಇರತದ. ಹಿಂಗಾಗಿ ಪೂರ್ತಿ ಕೇಳತೀನಿ.

ಇನ್ನ ಫಾಸ್ಟಿನ ಮಾತು. ನಿಮ್ಮ ಪಟ್ಟಿಯೊಳಗ ಮೊದಲನೇ ಹೆಸರು ಮಹಾವಿಷ್ಣು ಆರ್ಕೆಸ್ಟ್ರಾ, ಜಾನ್ ಮೆಕ್‌ಲಾಫ್ಲಿನ್‌ದು. ಒಪ್ಪಿದೆ. 1971ರ ದಿ ಇನ್ನರ್ ಮೌಂಟಿಂಗ್ ಫ್ಲೇಮ್, 1973ರ ಬರ್ಡ್ಸ್ ಆಫ್ ಫೈರ್ ಎರಡೂ ನನ್ನ ಪಟ್ಟಿಯೊಳಗೂ ಅವ. ಆ ಹೆಸರ ಕೊಟ್ಟವರು ಅವನ ಗುರು ಶ್ರೀ ಚಿನ್ಮಯ್. ಕೂಡಿದ ಮಂದಿ ನೋಡ್ರಿ: ಮೆಕ್‌ಲಾಫ್ಲಿನ್ ಇಂಗ್ಲಂಡಿನಾಂವ, ಡ್ರಮ್ಮಿನ ಬಿಲ್ಲಿ ಕೋಬಮ್ ಪನಾಮಾದಾಗ ಹುಟ್ಟಿದಾಂವ, ಕೀಬೋರ್ಡಿನ ಯಾನ್ ಹ್ಯಾಮರ್ ಪ್ರಾಗ್‌ನಾಂವ, ವಾಯೊಲಿನ್ನಿನ ಜೆರ್ರಿ ಗುಡ್‌ಮನ್ ಶಿಕಾಗೋದಾಂವ, ಬೇಸ್ ಬಾರಿಸೋ ರಿಕ್ ಲೇರ್ಡ್ ಐರ್ಲಂಡಿನಾಂವ. ಬಿರಗಾಳಿ ಗತೆ ಬಾರಸ್ತಾರ, ಖರೇ. ಆದ್ರ ಅದ ಮೊದಲನೇ ಆಲ್ಬಮ್‌ನಾಗ 'ಎ ಲೋಟಸ್ ಆನ್ ಐರಿಶ್ ಸ್ಟ್ರೀಮ್ಸ್' ಅಂತ ಒಂದ ಅದ. ಡ್ರಮ್ಮಿಲ್ಲ, ಕರೆಂಟಿನ ಗಿಟಾರಿಲ್ಲ. ಸಾದಾ ಗಿಟಾರ, ಪಿಯಾನೋ, ವಾಯೊಲಿನ್, ಅಷ್ಟ. ನಿಮ್ಮಾಗ ಒಬ್ಬರರ ಅದರ ಹೆಸರ ತಗದ್ರೇನು? 'ಯು ನೋ ಯು ನೋ' ಅನ್ನೋದೂ ಅದರಾಗನ ಅದ. ಒಂದ ಸಣ್ಣ ಸ್ವರಮಾಲಿ ಸುಮ್ನ ತಿರಗಕೋತ ಇರತದ, ನಡನಡಕ ಡ್ರಮ್ಮು ಧಡ್ ಅಂತ ಬಂದ ಹೋಗತದ. ಸುಮ್ನಿದ್ದದ್ದಕ್ಕನ ಆ ಧಡಕಿ ಎದಿಗೆ ಬಡೀತದ.

ಮತ್ತೊಂದ ಹೇಳತೀನಿ ಕೇಳ್ರಿ, ಈ ಮೆಕ್‌ಲಾಫ್ಲಿನ್ 1969ರ ಫೆಬ್ರುವರಿಯೊಳಗ ಅಮೆರಿಕಾಕ್ಕ ಹೊಸದಾಗಿ ಬಂದಿದ್ದ. ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ಅವನ್ನ ರೆಕಾರ್ಡಿಂಗಿಗೆ ಕರಿಸಿದಾ. ಅಲ್ಲೆ ಮೈಲ್ಸ್ ಅವಂಗ ಏನ ಹೇಳಿದಾ ಗೊತ್ತದ? ಗಿಟಾರ ಬಾರಸಾಕ ಬರದವರ ಗತೆ ಬಾರಿಸು ಅಂತ! ಇದನ್ನ ಮೆಕ್‌ಲಾಫ್ಲಿನ್‌ನ ಎಷ್ಟೋ ಸಲ ಹೇಳಿಕೊಂಡಾನ. ಹಂಗ ಹುಟ್ಟಿದ್ದು ಇನ್ ಎ ಸೈಲೆಂಟ್ ವೇ. ಎರಡ ಬದಿ, ಬದಿಗೊಂದ ಉದ್ದನ್ನ ತುಕಡಿ. ನೀವು ಫಾಸ್ಟ್ ಅಂತ ಕುಣೀತೀರೆಲ್ಲಾ ಆ ಜ್ಯಾಝ್-ರಾಕಿನ ಮಂದಿಯೊಳಗ ಅರ್ಧ ಇದರಾಗನ ಅದಾರ: ಚಿಕ್ ಕೊರಿಯಾ, ಹರ್ಬಿ ಹ್ಯಾನ್‌ಕಾಕ್, ಜೋ ಝಾವಿನುಲ್, ವೇಯ್ನ್ ಶಾರ್ಟರ್. ಯಾರೂ ಓಡೂದಿಲ್ಲ. ಎರಡನೇ ಬದಿಯ ಸುರುವಾತಿನ ಭಾಗನ ಕಡೀಕ ಹಂಗ ತಿರಗಿ ಬರತದ. ಟಿಯೋ ಮಾಸೆರೋ ಅನ್ನಾಂವ ಟೇಪ್ ಕತ್ತರಿಸಿ ಅದನ್ನ ತಿರಗಿ ಅಂಟಿಸ್ಯಾನ. ಮೊದಲ ಸಲ ಮಗಾ ಇದನ್ನ ಹೇಳಿದಾಗ ಮೋಸ ಅನಿಸ್ತು. ಈಗ ಅನಸೂದಿಲ್ಲ. ನಾವೂ ನಿನ್ನಿ ಹುಳಿ ಇವತ್ತ ಬಿಸಿ ಮಾಡಿ ಬಡಸ್ತೀವಿ. ನಿನ್ನಿದಕ್ಕಿಂತ ರುಚಿ ಇರತದ.

ರಿಟರ್ನ್ ಟು ಫಾರೆವರ್‌ನವರ ರೊಮ್ಯಾಂಟಿಕ್ ವಾರಿಯರ್, 1976ರದು, ನಮ್ಮ ಭಾವನ ಮಗನ ಜೀವ. ನನಗ ಅದು ಮಸಾಲಿ ಡಬ್ಬಿ ಎಲ್ಲಾ ಒಂದ ಪಲ್ಯಕ್ಕ ಸುರುವಿಧಂಗ ಅನಸ್ತದ. ಪ್ರತಿಯೊಬ್ಬರೂ ಭಾರೀ ಬಾಣಸಿಗರು, ಅನುಮಾನಿಲ್ಲ. ಎಲ್ಲಾರೂ ಒಂದ ಒಲಿ ಮುಂದ ನಿಂತ್ರ ಹಿಂಗಾಗತದ. ಬೇಕಾದ್ರ ಬೈರಿ, ಕೇಳಿಸಿಕೋತೀನಿ.

'ಗಂಟಿ' ಅಂದ್ರ ಮೈಕ್ ಓಲ್ಡ್‌ಫೀಲ್ಡನ ಟ್ಯೂಬ್ಯುಲರ್ ಬೆಲ್ಸ್, 1973. ರೆಕಾರ್ಡ್ ಮಾಡೂ ಮುಂದ ಹುಡುಗಗ 19 ವಯಸ್ಸು, ಹೆಚ್ಚುಕಮ್ಮಿ ಎಲ್ಲಾ ವಾದ್ಯ ಅವನ ಬಾರಿಸ್ಯಾನ. ಮೊದಲ ಬದಿ ಮುಗಿಯೂ ಮುಂದ ಒಬ್ಬ ಮನಶಾ ಒಂದೊಂದ ವಾದ್ಯದ ಹೆಸರ ಕೂಗತಾನ, ಕೂಗಿಧಂಗ ಆ ವಾದ್ಯ ಬರತದ. ಪಂಕ್ತಿಯೊಳಗ "ಕೋಸಂಬರಿ, ಚಟ್ನಿ, ಪಲ್ಯ" ಅಂತ ಕೂಗಕೋತ ಬಂದಂಗ! ಮಾತಿಲ್ಲದ ಆಲ್ಬಮ್ ಅಂತ ಹೇಳಿ ಇದನ್ನ ಸೇರಿಸಿದ್ದಕ್ಕ ಹುಡುಗೂರು ತಕರಾರ ತಗೀತಾರ. ತಗೀಲಿ.

ಇನ್ನ ಶಕ್ತಿ. ಮಹಾವಿಷ್ಣುವಿನ ಗದ್ಲ ಬಿಟ್ಟ ಅದ ಮೆಕ್‌ಲಾಫ್ಲಿನ್ ಸಾದಾ ಗಿಟಾರ ಹಿಡದು, ಎಲ್. ಶಂಕರ್ ವಾಯೊಲಿನ್, ಝಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ ಹಿಡದು ಕೂತರು. ಮೊದಲನೇ ಆಲ್ಬಮ್ ಅಮೆರಿಕಾದ ಒಂದ ಕಾಲೇಜಿನ್ಯಾಗ 1975ರ ಜುಲೈ 5ಕ್ಕ ಮಂದಿ ಮುಂದ ಬಾರಿಸಿದ್ದು. ಅದರಾಗ 'ಜಾಯ್' ಅನ್ನೋದು 18 ನಿಮಿಷ. ಫಾಸ್ಟ್ ಬೇಕಂದ್ರ ತಗೋರಿ, ಇಷ್ಟ ಫಾಸ್ಟ್ ಎಲ್ಲೂ ಸಿಗೂದಿಲ್ಲ. ಅದೂ ಒಂದ ಮಣ್ಣಿನ ಕೊಡದ ಮ್ಯಾಲ. ಅದರ ಬೆನ್ನಿಗೆ 'ಲೋಟಸ್ ಫೀಟ್' ಬರತದ, ದೇವರ ಮನಿ ಬಾಗಲ ಸಾವಕಾಶ ತಗದಂಗ. ಝಾಕಿರ್ ಹುಸೇನ್ 2024ರ ಡಿಸೆಂಬರ್‌ನಾಗ ಹ್ವಾದ ದಿವಸ ನಾ ಇದೊಂದನ್ನ ಮೂರ ಸಲ ಕೇಳಿದೆ. ನಮ್ಮನಿಯವರು "ಟೀವಿ ಸುದ್ದಿ ನೋಡೂದಿಲ್ಲೇನ" ಅಂದ್ರು. ಸುದ್ದಿಯೊಳಗ ಬರೇ ಮಾತ ಇತ್ತು.

ನನಗ ಮಾತಿಲ್ಲದ್ದು ಯಾಕ ಬೇಕು ಅಂತ ಖರೇ ಹೇಳತೀನಿ. ಮುಂಜಾನೆ ಎದ್ದಲ್ಲಿಂದ ಈ ಮನ್ಯಾಗ ಆಡೋ ಮಾತೆಲ್ಲಾ ನನಗ ಸಂಬಂಧಪಟ್ಟದ್ದ. ಚಹಾ ಆತೇನು, ಚಷ್ಮಾ ಎಲ್ಲದ, ಗ್ಯಾಸ್ ಹಚ್ಚೀಯೇನು, ಅವರಿಗೆ ಫೋನ್ ಮಾಡಿದ್ಯೇನು. ಮಾತು ಅಂದ ಮ್ಯಾಲ ಅದಕ್ಕೊಂದ ಜವಾಬ ಕೊಡಬೇಕು. ಹಾಡಿನ್ಯಾಗ ಮಾತಿದ್ರ ಅದೂ ನನ್ನ ಏನೋ ಕೇಳಲಿಕ್ಕತ್ತದ ಅಂತ ಅನಸ್ತದ. ಮೂವತ್ತ ವರ್ಷದಾಗ ನನ್ನ ಏನೂ ಕೇಳದ್ದು ಈ ಆಲ್ಬಮ್ ಅಷ್ಟ. ಮಧ್ಯಾಹ್ನ ಎರಡೂವರಿಯಿಂದ ಸವಾಮೂರರ ತನಕ, ಅತ್ತಿಯವರು ಮಲಗಿದ ಮ್ಯಾಲ, ಸುಮಾರ ಒಂದ ಸ್ನೋ ಗೂಸ್ ಮುಗಿಯೋ ಅಷ್ಟ ಹೊತ್ತು ನಂದು. ಅದನ್ನ ಹಗರ ಅಂದವರು ಮನ್ಯಾಗ ಒಂದ ವಾರ ನನ್ನ ಜಾಗಾದಾಗ ನಿಂತ ನೋಡ್ರಿ, ಆಮ್ಯಾಲ ಪಟ್ಟಿ ಮಾಡ್ರಿ.

ವೈನಿ, ನೀವು ಇವತ್ತ ಮಧ್ಯಾಹ್ನ ಬರ್ರಿ. ಮೊದಲ ಜೆಫ್ ಬೆಕ್, ಆಮ್ಯಾಲ ಬಿಳೀ ಬಾತು. ಇನ್ ಎ ಸೈಲೆಂಟ್ ವೇ ಬ್ಯಾರೆ ದಿವಸ ಹಚ್ಚೋಣು, ಕುಕ್ಕರ್ ಇಟ್ಟಾಗ ಅದನ್ನ ಹಚ್ಚಬಾರದು. ಸೀಟಿ ಹೊಡದ್ರ ಮೈಲ್ಸ್‌ನ ಟ್ರಂಪೆಟ್ ಯಾವುದು, ಬ್ಯಾಳಿ ಯಾವುದು ತಿಳಿಯೂದಿಲ್ಲ.