ಆರೋಗ್ಯ ದಾಸೋಹ: ಹರಕೆಯ ಹಾದಿ ಮತ್ತು ನೋವರಿಯದ ಪಾದ



ಮಹಾಶಿವರಾತ್ರಿ ಕಳೆದು ಯುಗಾದಿ ಸಮೀಪಿಸುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರಸ್ತೆಗಳಲ್ಲಿ ಕಂಬಿ ಹೊತ್ತ ಭಕ್ತರ ಸಾಲು ಶ್ರೀಶೈಲದತ್ತ ಮುಖ ಮಾಡುತ್ತದೆ. ನೂರಾರು ಕಿಲೋಮೀಟರುಗಳ ದಾರಿ. ಬಿಸಿಲ ಸೀಮೆಯನ್ನು ಹಾದು, ಆತ್ಮಕೂರು, ವೆಂಕಟಾಪುರಗಳನ್ನು ಮುಟ್ಟಿ, ನಲ್ಲಮಲ ಅರಣ್ಯವನ್ನು ಹೊಕ್ಕು, ಭೀಮನಕೊಳ್ಳವನ್ನಿಳಿದು, ಕೈಲಾಸದ್ವಾರದ ಮೆಟ್ಟಿಲುಗಳನ್ನೇರಿ ಮಲ್ಲಯ್ಯನ ಸನ್ನಿಧಿಯನ್ನು ಸೇರುವ ಈ ಯಾತ್ರೆಯಲ್ಲಿ ಹಲವರು ಬರಿಗಾಲಿನಲ್ಲೇ ನಡೆಯುತ್ತಾರೆ. ಹರಕೆಯೆಂದರೆ ಹಾಗೆ. ಅದರ ಬಗ್ಗೆ ನಮ್ಮದು ಯಾವ ತಕರಾರೂ ಇಲ್ಲ. ಆದರೆ ಆ ಸಾಲಿನಲ್ಲಿ ನಡೆಯುವವರ ಪೈಕಿ ಸಕ್ಕರೆ ಕಾಯಿಲೆಯುಳ್ಳವರು ಎಷ್ಟು ಮಂದಿ, ಅವರಲ್ಲಿ ತಮ್ಮ ಪಾದಗಳ ಸ್ಥಿತಿಯನ್ನು ಬಲ್ಲವರು ಎಷ್ಟು ಮಂದಿ ಎಂಬ ಚಿಂತೆ ನಮ್ಮನ್ನು ಕಾಡುತ್ತಿರುವುದರಿಂದ ಈ ತಿಂಗಳ ಅಂಕಣವನ್ನು ಪಾದಗಳಿಗೇ ಮೀಸಲಿಟ್ಟಿದ್ದೇವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆಯೆಂದು ಅಂದಾಜಿಸಿತು. ವಯಸ್ಕರಲ್ಲಿ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು. ಇದು ಪಟ್ಟಣಗಳ ಸಿರಿವಂತರ ಕಾಯಿಲೆಯೆಂಬ ಮಾತು ಎಂದೋ ಹಳೆಯದಾಯಿತು. ಕಬ್ಬು ಕಡಿಯುವವರಲ್ಲಿ, ಎತ್ತು ಹೂಡುವವರಲ್ಲಿ, ಮಠದ ದಾಸೋಹದಲ್ಲಿ ನಿತ್ಯ ಸೌದೆ ಒಡೆಯುವವರಲ್ಲಿಯೂ ಅದು ಕಾಣುತ್ತಿದೆ.

ಈಚೆಗೆ ನಾವು ಸಮಾಜದ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಭೇಟಿಯಿತ್ತಾಗ, ಯುಗಾದಿಯ ಮುಂದಿನ ವಾರಗಳಲ್ಲಿ ಪಾದದ ಗಾಯ ಹೊತ್ತು ಬರುವವರು ಪ್ರತಿ ವರ್ಷವೂ ಇದ್ದೇ ಇರುತ್ತಾರೆಂದು ಅಲ್ಲಿಯ ವೈದ್ಯರು ತಿಳಿಸಿದರು. ಕಳೆದ ವರ್ಷ ಹಾಗೆ ಬಂದು, ಗುಣ ಹೊಂದಿ, ಈಗ ಮರುಪರೀಕ್ಷೆಗೆಂದು ಬಂದಿದ್ದ ರೈತರೊಬ್ಬರೊಡನೆ ದೀರ್ಘಕಾಲ ಮಾತನಾಡುವ ಅವಕಾಶ ನಮಗೆ ದೊರಕಿತು. ಅವರ ಹೆಸರು, ಊರುಗಳನ್ನು ಇಲ್ಲಿ ಕೊಡುತ್ತಿಲ್ಲ. ವಯಸ್ಸು ಅರವತ್ತರ ಸಮೀಪ. ಕಬ್ಬಿನ ಬೆಳೆಗಾರರು. ಸಕ್ಕರೆ ಕಾಯಿಲೆ ಹತ್ತು ಹನ್ನೆರಡು ವರ್ಷಗಳಿಂದ ಇದೆ. ಗುಳಿಗೆ ಉಂಟು, ಆದರೆ ನೆನಪಾದಾಗ ಮಾತ್ರ.

ಐದು ವರ್ಷ ಬರಿಗಾಲಿನಲ್ಲಿ ಶ್ರೀಶೈಲಕ್ಕೆ ಬರುವೆನೆಂದು ಅವರು ಹರಕೆ ಹೊತ್ತಿದ್ದರು. ಮೂರನೆಯ ವರ್ಷದ ನಡಿಗೆಯಲ್ಲಿ ಎಲ್ಲೋ ಒಂದು ಜಾಲಿಮುಳ್ಳು ಬಲಪಾದದಲ್ಲಿ ಮುರಿದುಕೊಂಡಿತು. ಎಲ್ಲೋ ಎಂದು ಹೇಳುವುದಕ್ಕೆ ಕಾರಣವಿದೆ. ಚುಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ಜೊತೆಯವರು ಬೊಬ್ಬೆಗಳಿಂದ ನರಳುತ್ತ ಕುಂಟುವಾಗ ಇವರು ಸಲೀಸಾಗಿ ಮುಂದೆ ನಡೆದರು. ಮಲ್ಲಯ್ಯನ ಕೃಪೆಯೆಂದು ಎಲ್ಲರೂ ಅಂದರು. ಅವರೂ ಹಾಗೆಯೇ ನಂಬಿದರು.

ದರ್ಶನವಾಯಿತು, ಊರಿಗೆ ಮರಳಿದರು. ನಾಲ್ಕು ದಿನದ ಮೇಲೆ ಸೊಸೆ ಪಡಸಾಲೆ ಒರೆಸುವಾಗ ನೆಲದ ಮೇಲೆ ಹೆಜ್ಜೆಯಾಕಾರದ ಕಲೆಯೊಂದನ್ನು ಕಂಡಳು. "ಮಾವಾರ, ನಿಮ್ಮ ಕಾಲಾಗ ರಕ್ತ ಬರಾಕತ್ತೇತಿ ನೋಡ್ರಿ" ಎಂದಳು. ಪಾದ ತಿರುವಿ ನೋಡಿದರೆ ಬೆರಳುಗಳ ಬುಡದಲ್ಲಿ ಒಂದು ತೂತು. ಅರಿಷಿಣ ಮೆತ್ತಿದರು. ಮರುದಿನ ಸುಣ್ಣ ಕಲಸಿ ಹಚ್ಚಿದರು. ಯಾರೋ ಹೇಳಿದರೆಂದು ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತರು; ಆ ನೀರಿನ ಬಿಸಿಯೂ ತಿಳಿಯದೆ ಪಾದದ ಅಂಚು ಸುಟ್ಟು ಹೊಸ ಗಾಯವಾಯಿತು. ಎರಡು ವಾರದಲ್ಲಿ ಎರಡು ಬೆರಳು ಕಪ್ಪಾದವು, ಮನೆಯಲ್ಲಿ ವಾಸನೆ ಹರಡಿತು, ಚಳಿಜ್ವರ ಬಂತು. ಆಗ ಆಸ್ಪತ್ರೆ.

"ನೋವಂತೂ ಇರಲಿಲ್ರಿ. ನೋವಿದ್ದಿದ್ರ ಅವತ್ತ ಓಡಿ ಬರ್ತಿದ್ದೆ" ಎಂದು ಅವರು ನಮಗೆ ಎರಡು ಮೂರು ಬಾರಿ ಹೇಳಿದರು. ಕ್ಷ-ಕಿರಣ ಚಿತ್ರದಲ್ಲಿ ಎಲುಬಿಗೂ ಸೋಂಕು ತಗುಲಿದ್ದು ಕಂಡಿತು. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಆರು ವಾರಗಳ ಔಷಧ, ಇನ್ಸುಲಿನ್, ಆ ಮೇಲೆ ಪಾದದ ಮೇಲೆ ಭಾರ ಬೀಳದಂತೆ ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರು. ಗಾಯ ಮುಚ್ಚಲು ನಾಲ್ಕು ತಿಂಗಳಾಯಿತು. ಆ ವರ್ಷ ಹೊಲವನ್ನು ಲಾವಣಿಗೆ ಕೊಟ್ಟರು. ಮಗಳ ಸೀಮಂತಕ್ಕೆ ಹೋಗಲಾಗಲಿಲ್ಲವೆಂಬುದನ್ನು ಮಾತ್ರ ಅವರು ಇಂದಿಗೂ ಮರೆತಿಲ್ಲ. ಬೆರಳು ಹೋದದ್ದಕ್ಕಿಂತ ಅದೇ ಅವರಿಗೆ ದೊಡ್ಡ ನೋವು.

ಹೀಗೇಕಾಯಿತೆಂಬುದನ್ನು ಸ್ವಲ್ಪ ವಿವರಿಸುವುದು ಅಗತ್ಯ. ರಕ್ತದಲ್ಲಿ ಸಕ್ಕರೆಯು ಬಹುಕಾಲ ಅಂಕೆ ಮೀರಿದ್ದರೆ ದೇಹದ ಅತಿ ಉದ್ದದ ನರಗಳು, ಅಂದರೆ ಪಾದದವರೆಗೆ ಹೋಗುವ ನರಗಳು, ಮೊದಲು ಹಾಳಾಗುತ್ತವೆ. ಕೆಲವರಿಗೆ ಜೋಮು, ಉರಿ, ಹತ್ತಿಯ ಮೇಲೆ ನಡೆದಂತಹ ಅನುಭವ. ಮತ್ತೆ ಕೆಲವರಿಗೆ ಯಾವ ಸೂಚನೆಯೂ ಇಲ್ಲದೆ ಸ್ಪರ್ಶ, ನೋವು, ಬಿಸಿಗಳ ಅರಿವೇ ಅಳಿಯುತ್ತದೆ. ಬೆವರು ಕಡಿಮೆಯಾಗಿ ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ಇದರೊಡನೆ ರಕ್ತನಾಳಗಳೂ ಸಂಕುಚಿಸಿದ್ದರೆ ಆದ ಗಾಯ ಮಾಯುವುದು ಕಠಿಣ. ಕಾಲು ಕತ್ತರಿಸಬೇಕಾಗಿ ಬಂದ ಮಧುಮೇಹಿಗಳ ಪೈಕಿ ಬಹುಪಾಲು ಜನರಲ್ಲಿ ಎಲ್ಲವೂ ಆರಂಭವಾದದ್ದು ಪಾದದ ಒಂದು ಸಣ್ಣ ಹುಣ್ಣಿನಿಂದ.

ನೋವಿಲ್ಲದಿರುವುದೇ ಅಪಾಯವೆಂಬ ಈ ಸತ್ಯವನ್ನು ವೈದ್ಯಲೋಕವು ಬಹುಮಟ್ಟಿಗೆ ಕಲಿತದ್ದು ನಮ್ಮ ನೆರೆಯ ತಮಿಳುನಾಡಿನಲ್ಲಿ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ನಡುವೆ ದುಡಿಯುತ್ತ, ಅವರ ಕೈಕಾಲುಗಳು ಸವೆಯುವುದು ರೋಗ ತಿಂದುಹಾಕುವುದರಿಂದಲ್ಲ, ನೋವಿನ ಅರಿವಿಲ್ಲದೆ ಪೆಟ್ಟು ಮಾಡಿಕೊಳ್ಳುವುದರಿಂದ ಎಂಬುದನ್ನು ತೋರಿಸಿಕೊಟ್ಟರು. ಮುಂದೆ ಅಮೆರಿಕೆಗೆ ಹೋದಾಗ ಅದೇ ತಿಳಿವನ್ನು ಮಧುಮೇಹಿಗಳ ಪಾದಗಳಿಗೂ ಅನ್ವಯಿಸಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ಬರೆದುಕೊಡುವ ಎಂ.ಸಿ.ಆರ್. ಚಪ್ಪಲಿ, ಅಂದರೆ ಸಣ್ಣ ರಂಧ್ರಗಳ ಮೆತ್ತನೆಯ ರಬ್ಬರಿನ ಚಪ್ಪಲಿ, ಮೊದಲು ಕುಷ್ಠರೋಗಿಗಳಿಗಾಗಿಯೇ ಬಳಕೆಗೆ ಬಂದದ್ದು. ಆ ಕಾರಣಕ್ಕೆ ಕೆಲವರು ಅದನ್ನು ತೊಡಲು ನಾಚುತ್ತಾರೆಂದು ಕೇಳಿದ್ದೇವೆ. ನಾಚಿಕೆಗೆ ಇಲ್ಲಿ ಎಡೆಯಿಲ್ಲ.

ಪಾದದಲ್ಲಿ ಅರಿವು ಉಳಿದಿದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ. ಹತ್ತು ಗ್ರಾಮ್ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿನ ಕೆಲವು ಜಾಗಗಳಲ್ಲಿ ಮುಟ್ಟಿಸಿ, ಕಣ್ಣು ಮುಚ್ಚಿದ ರೋಗಿಗೆ ಅದು ತಿಳಿಯಿತೇ ಎಂದು ಕೇಳುತ್ತಾರೆ. ಕಂಪನಕವಲನ್ನು ಎಲುಬಿಗೆ ಹಿಡಿದು ನೋಡುತ್ತಾರೆ. ಪಾದದ ನಾಡಿ ಮುಟ್ಟಿ ನೋಡುತ್ತಾರೆ. ಸಮಾಜದ ಹಿರಿಯರು ಕಟ್ಟಿದ ವೈದ್ಯಕೀಯ ಮಹಾವಿದ್ಯಾಲಯಗಳು ಇಂದು ನಾಡಿನ ನಾನಾ ಭಾಗಗಳಲ್ಲಿವೆ. ಬೆಳಗಾವಿ ಮತ್ತು ಕಲಬುರಗಿಗಳಲ್ಲಿ 1963ರಿಂದ, ದಾವಣಗೆರೆಯಲ್ಲಿ 1965ರಿಂದ, ಮೈಸೂರಿನಲ್ಲಿ 1984ರಿಂದ, ಬಾಗಲಕೋಟೆಯಲ್ಲಿ 2002ರಿಂದ. ಅಲ್ಲಿಗಾಗಲಿ, ನಿಮ್ಮ ತಾಲ್ಲೂಕು ಆಸ್ಪತ್ರೆಗಾಗಲಿ ಹೋದಾಗ ಸಕ್ಕರೆ ಪರೀಕ್ಷೆಯ ಚೀಟಿಯೊಡನೆ "ನನ್ನ ಪಾದವನ್ನೂ ನೋಡಿರಿ" ಎಂದು ನೀವಾಗಿಯೇ ಕೇಳಬೇಕು. ಜನಸಂದಣಿಯಲ್ಲಿ ವೈದ್ಯರಿಗೆ ಅದು ತಪ್ಪಿಹೋಗುವುದುಂಟು. ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಆಗಬೇಕು. ಒಮ್ಮೆ ಹುಣ್ಣಾದವರಿಗೆ ಒಂದರಿಂದ ಮೂರು ತಿಂಗಳಿಗೊಮ್ಮೆ.

ಇನ್ನು ಹರಕೆಯ ವಿಷಯ. ನಮ್ಮ ರೈತರಿಗೆ ಇನ್ನೂ ಎರಡು ವರ್ಷ ಬಾಕಿ ಇದೆ. ಗಾಯ ಮಾಯ್ದಿದೆ, ಸಕ್ಕರೆ ಅಂಕೆಯಲ್ಲಿದೆ, ಈ ಬಾರಿ ಹೋಗಿಬರುವೆನೆಂದು ಅವರು ಕೇಳಿದಾಗ ವೈದ್ಯರು ಬರಿಗಾಲಿಗೆ ಖಡಾಖಂಡಿತವಾಗಿ ಒಪ್ಪಲಿಲ್ಲ. ಮಧುಮೇಹದ ಹುಣ್ಣು ಮಾಯ್ದವರ ಪೈಕಿ ನೂರಕ್ಕೆ ಸುಮಾರು ನಲವತ್ತು ಜನರಿಗೆ ಒಂದೇ ವರ್ಷದಲ್ಲಿ ಮತ್ತೆ ಹುಣ್ಣಾಗುತ್ತದೆಂದು 2017ರಲ್ಲಿ ಪ್ರಕಟವಾದ ಪ್ರಸಿದ್ಧ ವಿಮರ್ಶಾಲೇಖನವೊಂದು ಲೆಕ್ಕ ಹಾಕಿದೆ. ಮಾಯ್ದ ಪಾದವೆಂದರೆ ಮೊದಲಿನ ಪಾದವಲ್ಲ. ಮನೆಯಲ್ಲಿ ಹಿರಿಯಾಕೆಗೆ ಬೇರೆಯೇ ಭಯ: "ಹರಕಿ ಅರ್ಧಕ್ಕ ಬಿಟ್ರ ಮನಿತನಕ್ಕ ಒಳ್ಳೇದಲ್ಲ" ಎಂದು ಆಕೆ ಅತ್ತರಂತೆ. ಮಗ ಮತ್ತು ತಂದೆಯ ನಡುವೆ ಒಂದು ವಾರ ಮಾತಿಲ್ಲ.

ಕೊನೆಗೆ ಊರಿನ ಮಠದ ಸ್ವಾಮಿಗಳಲ್ಲಿಗೆ ಹೋದರು. "ಅಜ್ಜಾರ, ಏನ ಮಾಡಲಿರಿ?" ಎಂದು ಕೇಳಿದಾಗ ಅವರು, "ಕಾಲ ಕಳಕೊಂಡು ಬಾ ಅಂತ ಮಲ್ಲಯ್ಯ ಯಾವಾಗ ಕೇಳ್ಯಾನೋ ತಮ್ಮಾ? ಕೆರ ಹಾಕ್ಕೊಂಡು ಹೋಗು, ನಡಿಯೋರಿಗೆ ಅಡಗಿ ಮಾಡಿ ಬಡಸು" ಎಂದರಂತೆ. ಈಗ ಆಗಿರುವ ಒಪ್ಪಂದವೆಂದರೆ, ಪಾದಯಾತ್ರಿಗಳ ಸಾಮಾನು ಸಾಗಿಸುವ ಗಾಡಿಯಲ್ಲಿ ಅವರು ಹೋಗುವುದು, ತಂಗುದಾಣಗಳಲ್ಲಿ ಪ್ರಸಾದದ ವ್ಯವಸ್ಥೆ ನೋಡಿಕೊಳ್ಳುವುದು, ಎಲ್ಲೆಡೆ ಎಂ.ಸಿ.ಆರ್. ಚಪ್ಪಲಿ ತೊಡುವುದು, ದೇವಾಲಯದೊಳಗೆ ಕಲ್ಲು ಕಾಯುವ ಮುನ್ನ ಮುಂಜಾನೆಯೇ ದಪ್ಪ ಕಾಲುಚೀಲ ಹಾಕಿ ದರ್ಶನ ಮುಗಿಸುವುದು. ಅವರಿಗೆ ಇದು ಪೂರ್ಣ ಸಮಾಧಾನ ತಂದಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ಆದರೂ ಸ್ವಾಮಿಗಳ ಮಾತೇ ಸರಿಯೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ದಾಸೋಹವು ನಡಿಗೆಗಿಂತ ಕಡಿಮೆಯ ಸೇವೆಯೆಂದು ನಮ್ಮಲ್ಲಿ ಯಾರೂ ಹೇಳಿಲ್ಲ.

ಯಾತ್ರೆಗೆ ಹೋಗದವರಿಗೂ ಅನ್ವಯಿಸುವ ಕೆಲವು ಮಾತುಗಳು. ಜಂಗಮರ ಪಾದ ತೊಳೆದು ಪೂಜಿಸುವ ನಾವು ನಮ್ಮ ಅಂಗಾಲನ್ನು ನೋಡಿ ಎಷ್ಟು ದಿನವಾಯಿತೆಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಸ್ನಾನವಾದ ಮೇಲೆ, ಲಿಂಗಪೂಜೆಗೆ ಕೂಡುವ ಮುನ್ನ, ಬೆರಳಿನ ಸಂದುಗಳನ್ನು ಒಣಗಿಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿರಿ. ಕಣ್ಣು ಮಂದವಾದವರಿಗೆ ಮೊಮ್ಮಕ್ಕಳು ನೋಡಿ ಹೇಳಲಿ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಗಟ್ಟಿನೆಲದ ಮೇಲೆ ಕೂಡುವವರಿಗೆ ಪಾದದ ಹರಡಿನ ಹೊರಗಿನ ಎಲುಬು ಒತ್ತಿ ಅಲ್ಲಿಯೇ ಹುಣ್ಣಾಗುವುದುಂಟು. ದಪ್ಪನೆಯ ಹಾಸಿಗೆ ಬೇಕು, ನಡುನಡುವೆ ಕಾಲು ಚಾಚಬೇಕು. ಕುರ್ಚಿಯ ಮೇಲೆ ಕುಳಿತು ಪೂಜಿಸಿದರೆ ತಪ್ಪೇನೂ ಇಲ್ಲ.

ತಾಯಂದಿರು ಕಾಲುಂಗುರದ ಬಗ್ಗೆ ಎಚ್ಚರ ವಹಿಸಬೇಕು. ಪಾದ ಊದಿದಾಗ ಅದು ಬೆರಳನ್ನು ಬಿಗಿಯುತ್ತದೆ. ಸಡಿಲವಾದದ್ದನ್ನು ತೊಡಿರಿ, ಊತವಿದ್ದಾಗ ತೆಗೆದಿಡಿರಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಆಣಿ ಕರಗಿಸುವ ಪಟ್ಟಿ ಅಂಟಿಸುವುದು ಸಲ್ಲದು. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಬೇಕು. ಚಪ್ಪಲಿಯನ್ನು ಕಾಲು ತುಸು ಊದಿರುವ ಸಂಜೆಯ ಹೊತ್ತಿನಲ್ಲಿ ಕೊಳ್ಳಬೇಕು, ತೊಡುವ ಮುನ್ನ ಕೊಡವಬೇಕು. ಕಾಳಿನ ಚೀಲಗಳಿರುವ ಕೋಣೆಯಲ್ಲಿ ನೆಲದ ಮೇಲೆ ಮಲಗುವವರ ಅರಿವಿಲ್ಲದ ಪಾದವನ್ನು ಇಲಿ ಕಚ್ಚಿದ ಪ್ರಸಂಗಗಳೂ ವೈದ್ಯರ ಅನುಭವದಲ್ಲಿವೆ. ಓದಲು ವಿಚಿತ್ರವೆನಿಸಬಹುದು, ಆದರೆ ನಿಜ.

ಪಾದ ಕೆಂಪಾದರೆ, ಕೀವು ಅಥವಾ ವಾಸನೆ ಬಂದರೆ, ಬೆರಳು ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಊದಿ ಬಿಸಿಯಾದರೂ ಹಾಗೆಯೇ. ಒಳಗೆ ಎಲುಬು ಮುರಿದಿದ್ದರೂ ನೋವು ತಿಳಿಯದಿರಬಹುದು. ಧೂಮಪಾನಿಗಳು ಬೀಡಿಯನ್ನು ಬಿಡದೆ ಪಾದವನ್ನುಳಿಸಿಕೊಳ್ಳುವುದು ಬಹು ಕಷ್ಟ.

ಪಾದಯಾತ್ರಿಗಳಿಗೆಂದು ರಸ್ತೆಯ ಬದಿಯಲ್ಲಿ ಅರವಟ್ಟಿಗೆ, ಪ್ರಸಾದ, ಎಣ್ಣೆಯ ಮಾಲೀಸುಗಳ ಸೇವೆ ನಡೆಸುವ ಭಕ್ತ ಮಂಡಳಿಗಳಲ್ಲಿ ನಮ್ಮದೊಂದು ಕೋರಿಕೆ. ಮಾಲೀಸು ಮಾಡುವ ಮುನ್ನ "ಸಕ್ಕರೆ ಕಾಯಿಲೆ ಇದೆಯೇ?" ಎಂದು ಕೇಳಿರಿ, ಇದೆಯೆಂದವರ ಅಂಗಾಲನ್ನು ಬೆಳಕಿನಲ್ಲಿ ನೋಡಿರಿ. ಬೊಬ್ಬೆಗಳನ್ನು ಸೂಜಿಯಿಂದ ಒಡೆಯಬೇಡಿರಿ. ಶುಚಿಯಾದ ನೀರು, ಹತ್ತಿಬಟ್ಟೆ, ಅಂಟುಪಟ್ಟಿ ಇಟ್ಟುಕೊಳ್ಳಿರಿ. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಉಣ್ಣದೆ ನಡೆದು ಬೆವರಿ, ಕೈ ನಡುಗಿ, ತಡವರಿಸಿ ಮಾತನಾಡುವವರಿಗೆ, ಎಚ್ಚರವಿದ್ದು ನುಂಗಬಲ್ಲವರಾದರೆ, ಕೂಡಲೇ ಮೂರು ಚಮಚೆ ಸಕ್ಕರೆ ಕದಡಿದ ನೀರು ಕುಡಿಸಿ ಕೂಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿರಿ.

ಉಪವಾಸದ ದಿನಗಳಲ್ಲಿ ಗುಳಿಗೆಯ ಪ್ರಮಾಣವೇನೆಂದು ಕೆಲವು ಓದುಗರು ಕೇಳಿದ್ದಾರೆ. ಅದು ಗುಳಿಗೆಯಿಂದ ಗುಳಿಗೆಗೆ ಬೇರೆಯಾಗುವ ವಿಷಯ. ನಿಮ್ಮ ಚೀಟಿಯೊಡನೆ ವೈದ್ಯರನ್ನೇ ಕಾಣಿರಿ. ಮುಂದಿನ ಸಂಚಿಕೆಯಲ್ಲಿ ರಕ್ತದೊತ್ತಡ ಮತ್ತು ನಮ್ಮ ಮನೆಗಳ ಉಪ್ಪಿನಕಾಯಿ ಭರಣಿಯ ಬಗ್ಗೆ ಬರೆಯಲಿದ್ದೇವೆ.